ಹಗರಿ ಎಂಬ ನದಿಗಳು

ನದಿಯ ಹೆಸರನ್ನು ಊರು ತನ್ನ ಹೆಸರಿನ ಮುಂದೆ ಧರಿಸಿಕೊಳ್ಳುವುದು ಕನ್ನಡ ನಾಡಿನಲ್ಲಿ ಹೊಸದಲ್ಲ. ಒಂದೇ ಹೆಸರಿನ ಗ್ರಾಮಗಳು ಹಲವಿದ್ದಾಗ, ಒಂದನ್ನು ಮತ್ತೊಂದರಿಂದ ಬೇರ್ಪಡಿಸಲು ಜನರು ಹತ್ತಿರದ ಹೊಳೆಯನ್ನೋ ಬೆಟ್ಟವನ್ನೋ ದೇವಾಲಯವನ್ನೋ ಗುರುತಾಗಿ ಬಳಸುತ್ತಾರೆ. ಬೊಮ್ಮನಹಳ್ಳಿ ಎಂಬ ಹೆಸರಿನ ಗ್ರಾಮಗಳು ನಾಡಿನಲ್ಲಿ ಅನೇಕವಿವೆ. ಅವುಗಳಲ್ಲಿ ಹಗರಿಯ ದಡದಲ್ಲಿರುವುದು ಹಗರಿಬೊಮ್ಮನಹಳ್ಳಿಯಾಯಿತು. ಇಲ್ಲಿಯವರೆಗೆ ವಿಷಯ ಸರಳವಾಗಿದೆ. ಆದರೆ ಸಾಹಿತ್ಯ ವಿದ್ಯಾರ್ಥಿಯೊಬ್ಬನು ಭೂಪಟವನ್ನು ತೆರೆದು ಹಗರಿ ನದಿಯನ್ನು ಹುಡುಕಿದರೆ, ಅದು ಬಳ್ಳಾರಿ ಪಟ್ಟಣದ ಪೂರ್ವಕ್ಕೆ ಹರಿದು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುವ ನದಿಯಾಗಿ ಕಾಣುತ್ತದೆ. ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಸುಮಾರು 90 ಕಿಲೋಮೀಟರುಗಳ ಅಂತರವಿದೆ. ಆ ನದಿ ಈ ಊರನ್ನು ಎಲ್ಲಿಯೂ ಮುಟ್ಟುವುದಿಲ್ಲ. ಹಾಗಾದರೆ ಊರಿಗೆ ಹೆಸರನ್ನು ಕೊಟ್ಟ ಹಗರಿ ಯಾವುದು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲವನ್ನೂ ನೀರನ್ನೂ ಅರಿಯಬೇಕೆನ್ನುವವರು ಮೊದಲು ಎದುರಿಸಬೇಕಾದ ಪ್ರಶ್ನೆ ಇದು.

ಇದಕ್ಕೆ ಉತ್ತರ ಒಂದೇ ಮಾತಿನಲ್ಲಿದೆ: ಹಗರಿ ಎಂಬ ಹೆಸರು ಒಂದು ನದಿಯದಲ್ಲ, ಮೂರು ಹರಿವುಗಳದು. ಈ ಮೂರನ್ನೂ ಪ್ರತ್ಯೇಕವಾಗಿ ತಿಳಿದುಕೊಂಡಲ್ಲದೆ ಈ ಪ್ರದೇಶದ ಶಾಸನಗಳನ್ನಾಗಲಿ, ಸ್ಥಳಪುರಾಣಗಳನ್ನಾಗಲಿ, ಇಂದಿನ ನೀರಾವರಿಯ ಚರ್ಚೆಗಳನ್ನಾಗಲಿ ಸರಿಯಾಗಿ ಓದಲು ಬರುವುದಿಲ್ಲ.

ಮೊದಲನೆಯದು ದೊಡ್ಡ ಹಗರಿ. ಮೇಲ್ಭಾಗದಲ್ಲಿ ಇದರ ಹೆಸರು ವೇದಾವತಿ. ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತದ ಪೂರ್ವದ ಇಳಿಜಾರಿನಲ್ಲಿ ವೇದಾ ಮತ್ತು ಅವತಿ ಎಂಬ ಎರಡು ತೊರೆಗಳು ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಸಮೀಪದ ಅಯ್ಯನಕೆರೆಯನ್ನು ತುಂಬಿ ಮುಂದುವರಿಯುತ್ತದೆ. ಅವತಿ ಮದಗದಕೆರೆಯ ಕಡೆಯಿಂದ ಬರುತ್ತದೆ. ಇವೆರಡೂ ಕಡೂರಿನ ಪರಿಸರದಲ್ಲಿ ಕೂಡಿ ವೇದಾವತಿಯೆನಿಸುತ್ತವೆ. ಅಲ್ಲಿಂದ ಹೊಸದುರ್ಗ, ಹಿರಿಯೂರು, ಚಳ್ಳಕೆರೆ ತಾಲ್ಲೂಕುಗಳನ್ನು ಹಾಯ್ದು, ಪರಶುರಾಂಪುರದ ಕಡೆಯಿಂದ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯನ್ನು ಪ್ರವೇಶಿಸಿ, ರಾಯದುರ್ಗದ ಸೀಮೆಯಲ್ಲಿ ಹರಿದು, ಮತ್ತೆ ಬಳ್ಳಾರಿ ಜಿಲ್ಲೆಗೆ ಬಂದು, ಸಿರುಗುಪ್ಪ ತಾಲ್ಲೂಕಿನ ಹಳೇಕೋಟೆಯ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಒಟ್ಟು ಉದ್ದ ಸುಮಾರು 391 ಕಿಲೋಮೀಟರು. ಇದರ ಜಲಾನಯನ ಪ್ರದೇಶ 23,000 ಚದರ ಕಿಲೋಮೀಟರಿಗೂ ಹೆಚ್ಚು. ಚಿತ್ರದುರ್ಗ ಜಿಲ್ಲೆಯ ಕೆಳಭಾಗದಿಂದ ಮುಂದಕ್ಕೆ ವೇದಾವತಿ ಎಂಬ ಹೆಸರು ಹಿಂದೆ ಸರಿದು ಹಗರಿ ಎಂಬ ಹೆಸರೇ ಜನರ ಬಾಯಲ್ಲಿ ಉಳಿಯುತ್ತದೆ.

ಎರಡನೆಯದು ಚಿನ್ನ ಹಗರಿ. ಇದಕ್ಕೆ ಜನಗಹಳ್ಳ ಎಂಬ ಹೆಸರೂ ಇದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ, ಈಶಾನ್ಯಾಭಿಮುಖವಾಗಿ ಮೊಳಕಾಲ್ಮೂರಿನ ಸೀಮೆಗೆ ಬಂದು, ಕೊನೆಗೆ ವೇದಾವತಿಯನ್ನೇ ಕೂಡುತ್ತದೆ. ಹೆಸರಿನಲ್ಲಿರುವ ‘ಚಿನ್ನ’ ಎಂಬುದನ್ನು ಕನ್ನಡದ ಓದುಗರು ಬಂಗಾರವೆಂದು ಅರ್ಥೈಸುವ ಸಂಭವವುಂಟು. ಅದು ತೆಲುಗಿನ ‘ಚಿನ್ನ’, ಚಿಕ್ಕದು ಎಂದರ್ಥ. ಕನ್ನಡ ತೆಲುಗುಗಳೆರಡೂ ಬೆರೆತಿರುವ ಗಡಿನಾಡಿನಲ್ಲಿ ಹೀಗಾಗುವುದು ಸಹಜ. ಬಂಗಾರವನ್ನು ನಿಜವಾಗಿ ಹೆಸರಿನಲ್ಲಿಟ್ಟುಕೊಂಡ ಹೊಳೆಯೂ ಇದೇ ಕಣಿವೆಯಲ್ಲಿದೆ. ಅದು ಹಿರಿಯೂರಿನ ಬಳಿಯ ಕೂಡಲಹಳ್ಳಿಯಲ್ಲಿ ವೇದಾವತಿಯನ್ನು ಸೇರುವ ಸುವರ್ಣಮುಖಿ. ಚಿನ್ನ ಹಗರಿಯ ದಡಕ್ಕೆ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ಈ ಹಳ್ಳದ ಪರಿಸರದಲ್ಲಿವೆ. ಆ ಶಾಸನಗಳಲ್ಲಿ ಹೆಸರಿಸಿರುವ ಇಸಿಲ ಎಂಬ ಊರು ಇಲ್ಲಿಯೇ ಇದ್ದಿತೆಂದು ವಿದ್ವಾಂಸರು ಗುರುತಿಸಿದ್ದಾರೆ. ಮಳೆ ಕಡಮೆಯಾದ ಈ ನೆಲದಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಆಡಳಿತದ ಕೇಂದ್ರವೊಂದು ನೆಲೆಗೊಂಡಿತ್ತು ಎಂಬುದು ಗಮನಾರ್ಹ.

ಮೂರನೆಯದು ಚಿಕ್ಕ ಹಗರಿ. ಜನರು ಇದನ್ನು ಹಗರಿಹಳ್ಳ ಎಂದೂ ಕರೆಯುತ್ತಾರೆ. ಹರಪನಹಳ್ಳಿ, ಕೊಟ್ಟೂರು ಹಾಗೂ ಕೂಡ್ಲಿಗಿಯ ಪಶ್ಚಿಮ ಭಾಗದ ಮಳೆನೀರನ್ನು ಕೂಡಿಸಿಕೊಂಡು, ಉತ್ತರದ ಕಡೆಗೆ ಹರಿದು, ಹಗರಿಬೊಮ್ಮನಹಳ್ಳಿಯ ಪರಿಸರವನ್ನು ಹಾಯ್ದು, ನೇರವಾಗಿ ತುಂಗಭದ್ರೆಗೆ ಸಲ್ಲುತ್ತದೆ. ಇದಕ್ಕೆ ಅಡ್ಡಲಾಗಿ ಕಟ್ಟಿದ್ದೇ ಮಾಲವಿ ಜಲಾಶಯ. ಹಗರಿಬೊಮ್ಮನಹಳ್ಳಿಗೆ ಹೆಸರು ಕೊಟ್ಟದ್ದು ಈ ಚಿಕ್ಕ ಹಗರಿಯೇ ಹೊರತು ಬಳ್ಳಾರಿಯ ದೊಡ್ಡ ಹಗರಿಯಲ್ಲ. ಇಲ್ಲಿ ಒಂದು ಸ್ವಾರಸ್ಯವೂ ಇದೆ. ರಾಯದುರ್ಗದ ಸೀಮೆಯಲ್ಲಿ ದೊಡ್ಡ ಹಗರಿಯ ಸಮೀಪದಲ್ಲಿಯೂ ಬೊಮ್ಮನಹಾಳ್ ಎಂಬ ಊರಿದೆ. ಗುರುತಿಗೆಂದು ಸೇರಿಸಿದ ಹೆಸರು ಆ ಊರಿಗೂ ಸಲ್ಲುವಂತಿದೆ! ಚಿನ್ನ ಹಗರಿ, ಚಿಕ್ಕ ಹಗರಿ ಎಂಬ ಹೆಸರುಗಳೆರಡೂ ಒಂದೇ ಅರ್ಥದವು. ಭಾಷೆ ಮಾತ್ರ ಬೇರೆ. ಅಚ್ಚಾದ ಬರಹಗಳಲ್ಲಿ ಒಂದರ ವಿಷಯವನ್ನು ಮತ್ತೊಂದಕ್ಕೆ ಅನ್ವಯಿಸುವ ಪ್ರಮಾದಕ್ಕೆ ಇಲ್ಲಿ ಎಡೆ ಉಂಟು.

ಹಗರಿ ಎಂಬ ಪದದ ನಿಷ್ಪತ್ತಿಯನ್ನು ಇನ್ನು ವಿಚಾರಿಸಬಹುದು. ‘ಅಘ’ ಎಂದರೆ ಪಾಪ. ಅದನ್ನು ಹರಿಸುವುದು ‘ಅಘಹರಿ’. ಅದೇ ಹಗರಿಯಾಯಿತೆಂಬ ವಿವರಣೆ ಬಹುಕಾಲದಿಂದ ಪ್ರಚಾರದಲ್ಲಿದೆ. ಭಕ್ತರ ಮನಸ್ಸಿಗೆ ಈ ವಿವರಣೆ ಹಿತವಾದುದು. ಆದರೆ ಭಾಷೆಯ ದೃಷ್ಟಿಯಿಂದ ಇದಕ್ಕೆ ಎರಡು ತೊಡಕುಗಳಿವೆ. ಆದಿಯ ಅಕಾರ ಲೋಪವಾಗಿ, ಘಕಾರ ಹಕಾರಗಳು ಸ್ಥಾನವನ್ನು ಅದಲುಬದಲಾಗಿಸಿಕೊಂಡಲ್ಲದೆ ಅಘಹರಿ ಹಗರಿಯಾಗದು. ಇದು ಮೊದಲನೆಯ ತೊಡಕು. ತೀರ್ಥಮಹಿಮೆಯುಳ್ಳ ಒಂದು ನದಿಗೆ ಅಂಥ ಹೆಸರು ಬಂದಿದ್ದರೆ, ಬೇಸಿಗೆಯಲ್ಲಿ ಒಣಗಿಹೋಗುವ ಸಣ್ಣ ಹಳ್ಳಗಳಿಗೂ ಅದೇ ಹೆಸರು ಹೇಗೆ ಬಂದಿತೆಂಬುದು ಎರಡನೆಯದು. ಒಂದೇ ಹೆಸರು ಬೇರೆ ಬೇರೆ ಹರಿವುಗಳಿಗೆ ಇರುವಲ್ಲಿ, ಅದು ಮೂಲತಃ ಅಂಕಿತನಾಮವಾಗಿರದೆ ನೀರಿನ ಹರಿವನ್ನು ಸೂಚಿಸುವ ರೂಢನಾಮವಾಗಿದ್ದಿರಬಹುದೆಂದು ಊಹಿಸಲು ಅವಕಾಶವಿದೆ. ದೊಡ್ಡ, ಚಿಕ್ಕ ಎಂಬ ವಿಶೇಷಣಗಳು ಅದಕ್ಕೆ ಸುಲಭವಾಗಿ ಅಂಟಿಕೊಂಡಿರುವುದೂ ಈ ಊಹೆಗೆ ಪೋಷಕವಾಗಿದೆ.

ಇಲ್ಲಿ ಕನ್ನಡದ ಧ್ವನಿವ್ಯತ್ಯಾಸದ ಒಂದು ನಿಯಮವನ್ನು ನೆನೆಯಬೇಕು. ಹಳಗನ್ನಡದ ದೇಶ್ಯಪದಗಳ ಆದಿಯಲ್ಲಿದ್ದ ಪಕಾರ ನಡುಗನ್ನಡದ ವೇಳೆಗೆ ಹಕಾರವಾಯಿತು. ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಕಾಣತೊಡಗುವ ಈ ಬದಲಾವಣೆ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಪೂರ್ಣಗೊಂಡಿತು. ಪಾಲು ಹಾಲಾದುದು, ಪಗಲ್ ಹಗಲಾದುದು, ಪಳ್ಳಿ ಹಳ್ಳಿಯಾದುದು ಹೀಗೆ. ಸ್ಥಳನಾಮಗಳಲ್ಲಿಯೂ ಇದು ನಡೆದಿದೆ. ಕೃಷ್ಣಾ ನದಿಗೆ ಶಾಸನಗಳಲ್ಲಿ ಪೆರ್ದೊರೆ ಎಂಬ ಹೆಸರಿದೆ. ಪಿರಿದಾದ ತೊರೆ ಎಂದು ಅದರ ಅರ್ಥ. ಅದೇ ಮುಂದೆ ಹೆದ್ದೊರೆಯಾಯಿತು. ಪಂಪಾ ಎಂಬ ತೀರ್ಥನಾಮ ಹಂಪೆಯಾಯಿತು. ಹರಿಹರ ರಾಘವಾಂಕರ ಆರಾಧ್ಯ ದೈವವಾದ ವಿರೂಪಾಕ್ಷನು ಹಂಪೆಯ ವಿರೂಪಾಕ್ಷನೆನಿಸಿದನು. ಆದ್ದರಿಂದ ಹಗರಿ ಎಂಬುದು ದೇಶ್ಯಪದವಾದರೆ ಅದರ ಪ್ರಾಚೀನ ರೂಪ ಪಕಾರಾದಿಯಾಗಿದ್ದಿರಬೇಕು. ಅಘಶಬ್ದದಿಂದ ಬಂದುದಾದರೆ ಹಕಾರವೇ ಮೂಲದ್ದು. ಹತ್ತನೆಯ ಶತಮಾನಕ್ಕಿಂತ ಹಿಂದಿನ ಶಾಸನಗಳನ್ನು ಓದುವವರು ಈ ದೃಷ್ಟಿಯನ್ನು ಇಟ್ಟುಕೊಳ್ಳುವುದು ಒಳಿತು.

ಹೆಸರಿನ ಕಥೆಗಳನ್ನು ಶಾಸನದ ಒರೆಗಲ್ಲಿಗೆ ಹಚ್ಚಿದರೆ ಏನಾಗುತ್ತದೆಂಬುದಕ್ಕೆ ಹಡಗಲಿಯೇ ಒಳ್ಳೆಯ ನಿದರ್ಶನ. ವಿಜಯನಗರದ ಅರಸರ ಕಾಲದಲ್ಲಿ ಹಂಪೆಯ ದೇವರ ಪೂಜೆಗೆ ಇಲ್ಲಿಂದ ಹೂವನ್ನು ಹಡಗುಗಳಲ್ಲಿ ತುಂಬಿ ತುಂಗಭದ್ರೆಯ ಮೇಲೆ ಕಳುಹಿಸುತ್ತಿದ್ದರೆಂದೂ, ಆದ್ದರಿಂದ ಊರು ಹೂವಿನಹಡಗಲಿಯಾಯಿತೆಂದೂ ಪ್ರತೀತಿಯಿದೆ. ಆದರೆ ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ. ಅದಕ್ಕೂ ಹಿಂದಿನ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿಯೇ ಈ ಊರಿನ ಹೆಸರು ಪೂವಿನ ಪಡಂಗಿಲೆ ಎಂದಿದೆ. ಹೂವು ಹಳೆಯದೇ, ಹಡಗಿನ ಕಥೆ ಮಾತ್ರ, ಪಡಂಗಿಲೆ ಹಡಗಲಿಯಾದ ಮೇಲೆ ಹುಟ್ಟಿಕೊಂಡದ್ದು. ಹೀಗೆಂದ ಮಾತ್ರಕ್ಕೆ ಕಥೆ ವ್ಯರ್ಥವಾಗುವುದಿಲ್ಲ. ಈ ಊರಿಗೂ ಹಂಪೆಗೂ ನದಿಯ ಮೂಲಕ ಇದ್ದ ನಂಟನ್ನು ಜನರು ಹೇಗೆ ಕಂಡುಕೊಂಡಿದ್ದರೆಂಬುದನ್ನು ಅದು ಹೇಳುತ್ತದೆ. ಹಡಗಲಿಯ ಮಲ್ಲಿಗೆ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದು ಇಂದಿಗೂ ಆ ಹೆಸರನ್ನು ಸಾರ್ಥಕಗೊಳಿಸುತ್ತಿದೆ.

ವೇದಾವತಿ ಎಂಬ ಹೆಸರಿನ ಸ್ಥಿತಿಯೂ ಇಂಥದೇ. ರಾಮಾಯಣದ ಉತ್ತರಕಾಂಡದಲ್ಲಿ ಕುಶಧ್ವಜನ ಮಗಳಾದ ವೇದವತಿ ರಾವಣನನ್ನು ಶಪಿಸಿ ಅಗ್ನಿಪ್ರವೇಶ ಮಾಡಿ, ಮುಂದೆ ಸೀತೆಯಾಗಿ ಜನಿಸಿದ ಕಥೆಯಿದೆ. ಹೆಸರಿನ ಸಾಮ್ಯದಿಂದ ನದಿಗೂ ಆ ಪಾವಿತ್ರ್ಯ ಲಭಿಸಿತು. ಭೂಗೋಳದ ದೃಷ್ಟಿಯಿಂದಲಾದರೋ ಇದು ವೇದಾ ಮತ್ತು ಅವತಿಗಳ ಜೋಡುಹೆಸರು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕೂಡಿ ತುಂಗಭದ್ರೆಯಾದಂತೆ. ಎರಡೂ ನದಿಗಳ ಮೂಲ ಚಿಕ್ಕಮಗಳೂರು ಜಿಲ್ಲೆಯೇ. ತುಂಗೆ ಭದ್ರೆಗಳು ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಧಾರಾಕಾರವಾಗಿ ಮಳೆ ಸುರಿಯುವ ಕಾಡಿನಲ್ಲಿ. ವೇದಾವತಿ ಹುಟ್ಟುವುದು ಚಂದ್ರದ್ರೋಣದ ಪೂರ್ವದಲ್ಲಿ, ಮಳೆಯ ಮರೆಯಾದ ಬದಿಯಲ್ಲಿ. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ಎರಡು ನದಿಗಳ ಭಾಗ್ಯ ಇಷ್ಟು ಭಿನ್ನವಾಗುವುದಕ್ಕೆ ಪರ್ವತದ ಈ ಪಕ್ಕ ಆ ಪಕ್ಕಗಳೇ ಕಾರಣ.

ಈ ಐದು ತಾಲ್ಲೂಕುಗಳ ನೆಲವೂ ಅದೇ ಮಳೆಯ ಮರೆಯಲ್ಲಿದೆ. ವರ್ಷದ ಮಳೆ ಸುಮಾರು 500ರಿಂದ 650 ಮಿಲಿಮೀಟರುಗಳಷ್ಟು. ಅದೂ ವರ್ಷದಿಂದ ವರ್ಷಕ್ಕೆ ಏರುಪೇರಾಗುವಂಥದು. ಮಣ್ಣು ಹೆಚ್ಚಾಗಿ ಕೆಂಪು. ಬಂಡೆಯ ಮೇಲೆ ತೆಳುವಾಗಿ ಹರಡಿರುವುದರಿಂದ ತೇವವನ್ನು ಬಹುಕಾಲ ಹಿಡಿದಿಡದು. ಹಡಗಲಿ ಹರಪನಹಳ್ಳಿಗಳ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. 1068ರಲ್ಲಿ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ಜಲಸಮಾಧಿಯನ್ನು ಹೊಂದಿದ ಕುರುವತ್ತಿ, ಮೈಲಾರಲಿಂಗನ ಕಾರಣಿಕಕ್ಕೆ ಪ್ರಸಿದ್ಧವಾದ ಮೈಲಾರ ಇವೆರಡೂ ಹಡಗಲಿ ತಾಲ್ಲೂಕಿನಲ್ಲಿ ಇದೇ ನದಿಯ ದಡದಲ್ಲಿವೆ. ಆದರೆ ಹೊಳೆಯ ಮಟ್ಟ ಕೆಳಗೆ, ಹೊಲದ ಮಟ್ಟ ಮೇಲೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನಿಂದ ಸುಮಾರು 90 ಹಳ್ಳಿಗಳು ಮುಳುಗಡೆಯಾದವು. ಹಗರಿಬೊಮ್ಮನಹಳ್ಳಿ ಹಡಗಲಿಗಳ ಕಡೆಗೂ ಹಿನ್ನೀರು ಹರಡಿತು. ಕಾಲುವೆಗಳ ನೀರಾದರೋ ಅಣೆಕಟ್ಟಿನಿಂದ ಪೂರ್ವಕ್ಕೆ, ರಾಯಚೂರು, ಸಿರುಗುಪ್ಪ, ಆಂಧ್ರಗಳ ಕಡೆಗೆ ನಡೆಯಿತು. ಜಲಾಶಯದ ಮಗ್ಗುಲಲ್ಲಿದ್ದೂ ಮೇಲ್ಗಡೆಯ ಹೊಲಗಳು ಮಳೆಯನ್ನೇ ನಂಬಿಕೊಂಡಿರಬೇಕಾಯಿತು. ಸಿಂಗಟಾಲೂರಿನಂಥ ಏತ ನೀರಾವರಿ ಯೋಜನೆಗಳೂ ಕೆರೆ ತುಂಬಿಸುವ ಕಾಮಗಾರಿಗಳೂ ಬಂದಿರುವುದು ಈ ಕೊರತೆಯನ್ನು ನೀಗುವುದಕ್ಕಾಗಿಯೇ.

ಹಗರಿಯ ಸ್ವಭಾವವನ್ನು ಈ ಹಿನ್ನೆಲೆಯಲ್ಲಿ ತಿಳಿಯಬೇಕು. ದೊಡ್ಡ ಹಗರಿಯಾಗಲಿ ಚಿಕ್ಕ ಹಗರಿಯಾಗಲಿ ವರ್ಷದ ಬಹುಭಾಗ ಮರಳಿನ ನದಿ. ದೊಡ್ಡ ಹಗರಿಯ ಪಾತ್ರ ಬಹಳ ಅಗಲವಾದುದು, ಆಳ ಕಡಮೆ. ಮುಂಗಾರಿನ ಪಶ್ಚಿಮದ ಗಾಳಿ ಆ ಮರಳನ್ನು ಎತ್ತಿ ಪೂರ್ವದ ದಡದ ಹೊಲಗಳ ಮೇಲೆ ಸುರಿದು, ಕಣೇಕಲ್ಲು ಬೊಮ್ಮನಹಾಳ್ ಸೀಮೆಗಳಲ್ಲಿ ಮರಳ ದಿಬ್ಬಗಳನ್ನೇ ನಿರ್ಮಿಸಿದೆ. ನೀರಿಲ್ಲದ ಹೊಳೆಯೆಂದು ಇದನ್ನು ಕಡೆಗಣಿಸಲಾಗದು. ಮೇಲೆ ಒಣಗಿ ಕಂಡರೂ ಮರಳಿನ ಒಡಲಲ್ಲಿ ನೀರು ಬಿಸಿಲಿಗೆ ಆರದೆ ಉಳಿಯುತ್ತದೆ. ಒರತೆಯನ್ನು ತೋಡಿದರೆ ಜಿನುಗುತ್ತದೆ. ದಡದ ಬಾವಿಗಳು ತುಂಬುವುದೂ ಅದರಿಂದಲೇ. ಮರಳನ್ನು ಮಿತಿಮೀರಿ ತೆಗೆದಲ್ಲಿ ಒರತೆ ಬತ್ತುತ್ತದೆ, ಬಾವಿಯ ಮಟ್ಟ ಇಳಿಯುತ್ತದೆ. ಒಣನಾಡಿನ ನದಿಯಲ್ಲಿ ಮರಳೇ ಕೆರೆಯೆಂಬುದನ್ನು ಅರಿತವರು ಅದನ್ನು ಬರಿಯ ಕಟ್ಟಡದ ಸಾಮಗ್ರಿಯೆಂದು ಕಾಣರು.

ಬರುವ ಅಲ್ಪ ಮಳೆಯನ್ನು ಹಿಡಿದಿಡುವ ಪ್ರಯತ್ನ ಇಲ್ಲಿ ಪ್ರಾಚೀನವಾದುದು. ನೊಳಂಬವಾಡಿಯ, ಉಚ್ಚಂಗಿಯ ಪಾಂಡ್ಯರ, ಮುಂದೆ ಪಾಳೆಯಗಾರರ ಆಳ್ವಿಕೆಗಳಲ್ಲಿ ಈ ನಾಡು ಕೆರೆಗಳ ನಾಡಾಯಿತು. ಶರಣ ಪರಂಪರೆಯ ನೆಲೆಗಳನ್ನು ಗಮನಿಸಿದರೂ ಇದೇ ಚಿತ್ರ ದೊರೆಯುತ್ತದೆ. ಪಂಚಪೀಠಗಳಲ್ಲಿ ಒಂದಾದ ಉಜ್ಜಯಿನಿ ಸದ್ಧರ್ಮಪೀಠ ಇಂದಿನ ಕೊಟ್ಟೂರು ತಾಲ್ಲೂಕಿನಲ್ಲಿದೆ. ಕೊಟ್ಟೂರಿನ ಕೊಟ್ಟೂರೇಶ್ವರ, ಕೂಲಹಳ್ಳಿಯ ಗೋಣಿಬಸವೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಮೊದಲಾದ ಗಣಾಧೀಶ್ವರರು ನೆಲಸಿದ್ದು ನೀರಿನ ಸಮೃದ್ಧಿಯಿದ್ದ ನದೀತೀರಗಳಲ್ಲಿ ಅಲ್ಲ. ಈ ಹಗರಿಗಳ ನಡುವಣ ಒಣನೆಲದಲ್ಲಿ. ತಿಪ್ಪೇರುದ್ರಸ್ವಾಮಿಗಳು ಜನರಿಂದ ಕಾಯಕ ಮಾಡಿಸಿ ಕೆರೆಗಳನ್ನು ಕಟ್ಟಿಸಿದರೆಂದು ಪರಂಪರೆ ಸ್ಮರಿಸುತ್ತದೆ. ಕೊಟ್ಟೂರಿನ ಹಳೆಯ ಹೆಸರು ಶಿಖಾಪುರವೆಂದೂ, ವೀರಭದ್ರನು ತನ್ನ ನೆಲೆಯನ್ನು ಕೊಟ್ಟೂರೇಶ್ವರನಿಗೆ ಬಿಟ್ಟುಕೊಟ್ಟುದರಿಂದ ಅದು ‘ಕೊಟ್ಟ ಊರು’ ಆಯಿತೆಂದೂ ಐತಿಹ್ಯ. ಪಾಪವನ್ನು ಕಳೆಯುವ ಶಕ್ತಿಯನ್ನು ಹೊಳೆಯ ಹೆಸರಿನಲ್ಲಿ ಕಾಣುವ ನಂಬಿಕೆ ಒಂದೆಡೆ. ಬಾಯಾರಿದವರಿಗೆ ಕೆರೆಯನ್ನು ಕಟ್ಟುವ ಕಾಯಕ ಇನ್ನೊಂದೆಡೆ. ಶರಣರ ಮನ್ನಣೆ ಸಂದದ್ದು ಎರಡನೆಯದಕ್ಕೆ.

ಹೆಸರಿನ ಈ ಗೊಂದಲ ಪಂಡಿತರ ಚರ್ಚೆಗಷ್ಟೇ ಸೀಮಿತವಾದುದಲ್ಲ. ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ಕೃಷ್ಣೆಯ ಕಣಿವೆಯನ್ನು 12 ಉಪಕಣಿವೆಗಳಾಗಿ ವಿಂಗಡಿಸಿತು. ತುಂಗಭದ್ರಾ ಉಪಕಣಿವೆ ಎಂಟನೆಯದು. ವೇದಾವತಿ ಉಪಕಣಿವೆ ಒಂಬತ್ತನೆಯದು. 1976ರ ಅಂತಿಮ ಆದೇಶದಂತೆ ಕರ್ನಾಟಕವು ತುಂಗಭದ್ರಾ ಉಪಕಣಿವೆಯಲ್ಲಿ ವರ್ಷಕ್ಕೆ 295 ಟಿ.ಎಂ.ಸಿ.ಗಿಂತಲೂ, ವೇದಾವತಿ ಉಪಕಣಿವೆಯಲ್ಲಿ 42 ಟಿ.ಎಂ.ಸಿ.ಗಿಂತಲೂ ಹೆಚ್ಚು ಬಳಸುವಂತಿಲ್ಲ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಚಿಕ್ಕ ಹಗರಿ ನೇರವಾಗಿ ತುಂಗಭದ್ರೆಗೆ ಸಲ್ಲುವುದರಿಂದ ಅದರ ನೀರು ಎಂಟನೆಯ ಲೆಕ್ಕಕ್ಕೆ ಸೇರುತ್ತದೆ. ಚಿನ್ನ ಹಗರಿ ವೇದಾವತಿಯನ್ನು ಸೇರುವುದರಿಂದ ಅದರದು ಒಂಬತ್ತನೆಯ ಲೆಕ್ಕ. ಕೂಡ್ಲಿಗಿ ತಾಲ್ಲೂಕು ಈ ಎರಡರ ನಡುವಿನ ನೀರ್ಗಡಿ. ಅದರ ಪಶ್ಚಿಮದಲ್ಲಿ ಬಿದ್ದ ಮಳೆಹನಿ ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಹೋಗುತ್ತದೆ. ಗುಡೇಕೋಟೆಯ ಕಡೆ ಬಿದ್ದ ಹನಿ ಪೂರ್ವದ ಹಗರಿಯ ಮಾರ್ಗ ಹಿಡಿಯುತ್ತದೆ. ಎರಡೂ ಕೊನೆಗೆ ತುಂಗಭದ್ರೆಯಲ್ಲಿ ಒಂದಾದರೂ, ಮನುಷ್ಯರ ಲೆಕ್ಕದಲ್ಲಿ ಬೇರೆ ಬೇರೆ. ‘ಹಗರಿಯ ನೀರು’ ಎಂದಷ್ಟೇ ಬರೆದ ಮನವಿಯೊಂದು ಯಾವ ಉಪಕಣಿವೆಯ ಪಾಲನ್ನು ಕೇಳುತ್ತಿದೆಯೆಂಬುದು ಓದಿದವರಿಗೆ ತಿಳಿಯುವುದಿಲ್ಲ.

ಮನುಷ್ಯರು ನೀರ್ಗಡಿಯನ್ನು ದಾಟಿಸಿದ ಉದಾಹರಣೆಯೂ ಇದೇ ಕಣಿವೆಯಲ್ಲಿದೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ 2022ರ ಸೆಪ್ಟೆಂಬರಿನವರೆಗೆ ಮತ್ತೆ ಕೋಡಿ ಬೀಳಲಿಲ್ಲ. ನಡುವೆ 89 ವರ್ಷಗಳು ಸಂದವು. 2025ರ ಜನವರಿಯಲ್ಲಿ ಅದು ಮೂರನೆಯ ಬಾರಿ ಕೋಡಿ ಬಿದ್ದಿತು. ಮಳೆಯ ಜೊತೆಗೆ, ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ 2019ರಿಂದ ಭದ್ರೆಯ ನೀರನ್ನು ಮೇಲೆತ್ತಿ ಇಲ್ಲಿಗೆ ಹರಿಸತೊಡಗಿದ್ದೂ ಇದಕ್ಕೆ ಕಾರಣ. ಮಳೆಕಾಡಿನ ಭದ್ರೆ ಈಗ ಮಳೆಯ ಮರೆಯ ವೇದಾವತಿಯ ಒಡಲನ್ನು ಸೇರುತ್ತಿದ್ದಾಳೆ.

ಆಡಳಿತದ ಗಡಿಗಳು ಈ ಸೀಮೆಯಲ್ಲಿ ಮೇಲಿಂದ ಮೇಲೆ ಬದಲಾಗಿವೆ. 1953ರವರೆಗೆ ಇದು ಮದರಾಸು ಪ್ರಾಂತದ ಬಳ್ಳಾರಿ. ಆ ವರ್ಷದ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. 2021ರಲ್ಲಿ ಈ ಐದೂ ಹೊಸಪೇಟೆಯೊಂದಿಗೆ ವಿಜಯನಗರ ಜಿಲ್ಲೆಯಾದವು. ಇದರಿಂದ ಮತ್ತೊಂದು ಪರಿಣಾಮವೂ ಆಯಿತು: ‘ಬಳ್ಳಾರಿ ಜಿಲ್ಲೆಯ ಹಗರಿ’ ಎಂದು ಹಳೆಯ ಗ್ರಂಥಗಳಲ್ಲಿ ಬರೆದಿರುವುದು ಚಿಕ್ಕ ಹಗರಿಯ ವಿಷಯವಾಗಿದ್ದರೆ, ಇಂದು ಅದನ್ನು ವಿಜಯನಗರ ಜಿಲ್ಲೆಯೆಂದು ಓದಿಕೊಳ್ಳಬೇಕು. ಗಡಿಗಳು ಸರಿದರೂ ಇಳಿಜಾರು ಸರಿಯುವುದಿಲ್ಲ. ಆದ್ದರಿಂದ ನದಿಯನ್ನು ಜಿಲ್ಲೆಯಿಂದ ಗುರುತಿಸುವುದಕ್ಕಿಂತ, ಅದು ಎಲ್ಲಿ ಹುಟ್ಟಿ ಯಾವುದನ್ನು ಸೇರುತ್ತದೆಂಬುದರಿಂದ ಗುರುತಿಸುವುದು ಶ್ರೇಯಸ್ಕರ.

ಸ್ಥಳಚರಿತ್ರೆಯನ್ನು ಬರೆಯುವವರು, ಪುರಾಣಗಳಿಗೆ ಟಿಪ್ಪಣಿಯನ್ನು ಸಿದ್ಧಪಡಿಸುವವರು, ಜಾತ್ರೆಯ ದಾರಿಯನ್ನು ವರ್ಣಿಸುವವರು, ಕೆರೆಗೆ ನೀರನ್ನು ಕೇಳಿ ಅರ್ಜಿ ಬರೆಯುವವರು, ಎಲ್ಲರೂ ಹಗರಿ ಎಂಬ ಹೆಸರಿನೊಂದಿಗೆ ದೊಡ್ಡದು, ಚಿನ್ನ, ಚಿಕ್ಕದು ಎಂಬ ಒಂದು ಮಾತನ್ನೂ ದಡದ ಒಂದು ಊರಿನ ಹೆಸರನ್ನೂ ತಪ್ಪದೆ ಸೇರಿಸುವುದಾದರೆ, ಗೊಂದಲಕ್ಕೆ ಅವಕಾಶವಿರುವುದಿಲ್ಲ. ಊರನ್ನು ಗುರುತಿಸಲು ಹಿಂದಿನವರು ಹೊಳೆಯ ಹೆಸರನ್ನು ಬಳಸಿದರು. ಇಂದು ಹೊಳೆಯನ್ನು ಗುರುತಿಸಲು ಊರಿನ ಹೆಸರು ಬೇಕಾಗಿದೆ. ಹಗರಿಬೊಮ್ಮನಹಳ್ಳಿಯ ಹಗರಿ ಎಂದರೆ ಇನ್ನು ಸಂದೇಹಕ್ಕೆ ಎಡೆಯಿಲ್ಲ.